ಕನ್ನಡಕದ ನಂಬರನ್ನೇ ಕೊಟ್ಟು ಲೆನ್ಸ್ ತರಿಸಬಹುದೇ? ದಾವಣಗೆರೆಯಲ್ಲಿ ಕಾಂಟ್ಯಾಕ್ಟ್ ಲೆನ್ಸ್ ಅಳತೆಯ ಬಗ್ಗೆ ತಿಳಿದವರು ಹೇಳಿ

ಹದಡಿ ರಸ್ತೆ ವಿದ್ಯಾರ್ಥಿನಿ

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಕೊನೆಯ ವರ್ಷ ಓದುತ್ತಿದ್ದೇನೆ. ಆರನೇ ತರಗತಿಯಿಂದಲೂ ಕನ್ನಡಕವಿದೆ. ಈಗಿನ ಚೀಟಿಯಲ್ಲಿ ಬಲಗಣ್ಣಿಗೆ ಮೈನಸ್ 6.50, ಎಡಗಣ್ಣಿಗೆ ಮೈನಸ್ 5.00 ಮತ್ತು ಅದರ ಜೊತೆ ಸಿಲಿಂಡರ್ ಮೈನಸ್ 1.50, ಆಕ್ಸಿಸ್ 180 ಎಂದು ಬರೆದಿದ್ದಾರೆ. ಮುಂದಿನ ತಿಂಗಳು ಅಕ್ಕನ ಮದುವೆ ಇರುವುದರಿಂದ, ಫೋಟೋಗಳಲ್ಲಿ ಕನ್ನಡಕದ ದಪ್ಪ ಗಾಜು ಮಿಂಚುವುದು ಬೇಡವೆಂದು ಆನ್‌ಲೈನ್‌ನಲ್ಲಿ ತಿಂಗಳಿಗೊಮ್ಮೆ ಬದಲಿಸುವ ಲೆನ್ಸ್ ತರಿಸಿಕೊಂಡೆ. ಅಲ್ಲಿ ಪವರ್ ಎಂಬ ಒಂದೇ ಖಾನೆ ಇದ್ದುದರಿಂದ ಬಲಕ್ಕೆ 6.50, ಎಡಕ್ಕೆ 5.00 ಎಂದು ತುಂಬಿದೆ. ಸಿಲಿಂಡರ್ ಎಲ್ಲಿ ಬರೆಯಬೇಕೆಂದು ತಿಳಿಯಲಿಲ್ಲ.

ಹಾಕಿಕೊಂಡ ಮೊದಲ ಗಂಟೆ ಹಿತವಾಗಿಯೇ ಇತ್ತು. ಮಧ್ಯಾಹ್ನದ ಹೊತ್ತಿಗೆ ಎಡಗಣ್ಣಿಗೆ ಬೋರ್ಡಿನ ಅಕ್ಷರಗಳು ಎರಡೆರಡಾಗಿ ಕಾಣತೊಡಗಿದವು, ಬಲ ಹುಬ್ಬಿನ ಮೇಲೆ ನೋವು ಶುರುವಾಯಿತು. ಸಂಜೆ ಲೆನ್ಸ್ ತೆಗೆದಾಗ ಕಣ್ಣಿನ ಬಿಳಿಯ ಭಾಗದಲ್ಲಿ ಬಳೆ ಒತ್ತಿದಂತೆ ಒಂದು ಕೆಂಪು ಗೆರೆ ಮೂಡಿತ್ತು. ನನ್ನ ಕಣ್ಣಿಗೇ ಲೆನ್ಸ್ ಒಗ್ಗುವುದಿಲ್ಲವೋ, ನಾನು ತರಿಸಿದ್ದೇ ತಪ್ಪೋ, ದಯವಿಟ್ಟು ತಿಳಿಸಿ.

ಪಿ.ಜೆ. ಬಡಾವಣೆಯ ಆಪ್ಟೋಮೆಟ್ರಿಸ್ಟ್

ತಂಗಿ, ಮೊದಲು ಆ ಲೆನ್ಸ್‌ಗಳನ್ನು ಮತ್ತೆ ಹಾಕಿಕೊಳ್ಳಬೇಡಿ. ಕೆಂಪು ಇಳಿಯದಿದ್ದರೆ, ಬೆಳಕು ನೋಡಲು ಕಷ್ಟವಾದರೆ ಅಥವಾ ನೋವು ಹೆಚ್ಚಿದರೆ ಇಲ್ಲಿನ ಉತ್ತರಕ್ಕೆ ಕಾಯದೆ ಇಂದೇ ಕಣ್ಣಿನ ವೈದ್ಯರ ಬಳಿ ಹೋಗಿ. ಅಂತಹ ತೊಂದರೆ ಏನೂ ಇಲ್ಲವೆಂದಾದರೆ ಮುಂದಿನದನ್ನು ನಿಧಾನವಾಗಿ ಓದಿ.

ನಿಮ್ಮ ಕಣ್ಣಿಗೆ ಲೆನ್ಸ್ ಒಗ್ಗುವುದಿಲ್ಲವೆಂದು ಈಗಲೇ ತೀರ್ಮಾನಿಸಲು ಕಾರಣವೇ ಇಲ್ಲ, ಏಕೆಂದರೆ ನಿಮ್ಮ ಕಣ್ಣಿಗೆ ಲೆನ್ಸ್ ಅಳತೆಯನ್ನು ಇದುವರೆಗೆ ಯಾರೂ ತೆಗೆದೇ ಇಲ್ಲ. ಕನ್ನಡಕದ ಗಾಜು ಕಣ್ಣಿನಿಂದ ಸುಮಾರು 12 ಮಿಲಿಮೀಟರ್ ದೂರದಲ್ಲಿರುತ್ತದೆ, ಲೆನ್ಸ್ ಕರಿಗುಡ್ಡೆಯ (ಕಾರ್ನಿಯಾ) ಮೇಲೆಯೇ ಕೂರುತ್ತದೆ. ಪವರ್ 4ರ ಒಳಗಿದ್ದರೆ ಈ ದೂರದ ವ್ಯತ್ಯಾಸ ಗಮನಕ್ಕೆ ಬರುವುದಿಲ್ಲ, ಅದನ್ನು ದಾಟಿದರೆ ಲೆಕ್ಕ ಹಾಕಲೇಬೇಕು. ನಿಮ್ಮ ಬಲಗಣ್ಣಿನ 6.50 ಲೆನ್ಸ್‌ನಲ್ಲಿ ಸುಮಾರು 6.00 ಆಗುತ್ತದೆ. ನೀವು ಹಾಕಿಕೊಂಡಿದ್ದು ಅಗತ್ಯಕ್ಕಿಂತ ಅರ್ಧ ಪವರ್ ಹೆಚ್ಚು. ನಿಮ್ಮ ವಯಸ್ಸಿನ ಕಣ್ಣು ಆ ಹೆಚ್ಚುವರಿಯನ್ನು ದಿನವಿಡೀ ಒಳಗಿನ ಸ್ನಾಯುವನ್ನು ಬಿಗಿಹಿಡಿದು ಹೇಗೋ ಸರಿದೂಗಿಸುತ್ತದೆ, ಹುಬ್ಬಿನ ಮೇಲಿನ ನೋವು ಬಹುತೇಕ ಅದರ ಫಲ. ಎಡಗಣ್ಣಿನ ಕಥೆ ಬೇರೆ. ಅಲ್ಲಿ ಅಡ್ಡ ದಿಕ್ಕಿಗೆ ಒಂದು ಪವರ್, ಲಂಬ ದಿಕ್ಕಿಗೆ ಇನ್ನೊಂದು ಪವರ್ ಬೇಕು. ಆ ವ್ಯತ್ಯಾಸವೇ ಸಿಲಿಂಡರ್, ಅದು ಯಾವ ದಿಕ್ಕಿನದು ಎಂದು ಹೇಳುವುದು ಆಕ್ಸಿಸ್. ಎರಡನ್ನೂ ಲೆನ್ಸ್ ಲೆಕ್ಕಕ್ಕೆ ತಂದರೆ ಮೈನಸ್ 4.75, ಸಿಲಿಂಡರ್ ಮೈನಸ್ 1.25ರ ಆಸುಪಾಸಿಗೆ ಬರುತ್ತದೆ. ಸಿಲಿಂಡರ್ ಇಲ್ಲದ ಲೆನ್ಸ್ ಹಾಕಿದ್ದರಿಂದ ಅಕ್ಷರ ಎರಡಾಗಿ ಕಂಡಿದೆ. ಇವೆಲ್ಲ ಕಾಗದದ ಮೇಲಿನ ಲೆಕ್ಕ. ಈ ಸಂಖ್ಯೆಗಳನ್ನು ನೋಡಿಕೊಂಡು ಮತ್ತೊಮ್ಮೆ ಆನ್‌ಲೈನ್‌ನಲ್ಲಿ ತರಿಸಬೇಡಿ.

ಬಿಳಿಯ ಭಾಗದ ಮೇಲೆ ಮೂಡಿದ ಗೆರೆ ಪವರಿನದಲ್ಲ, ಆಕಾರದ ವಿಷಯ. ಲೆನ್ಸ್ ಬಿಗಿಯಾಗಿತ್ತು. ಬಿಗಿ ಲೆನ್ಸ್ ಮೋಸಗಾರ: ಅಲುಗಾಡದೆ ಕೂರುವುದರಿಂದ ಮೊದಲ ಒಂದೆರಡು ಗಂಟೆ ಅದರಷ್ಟು ಹಿತವಾದದ್ದು ಇನ್ನೊಂದಿಲ್ಲ ಎನಿಸುತ್ತದೆ, ಸಂಜೆಗೆ ಕಣ್ಣು ಕೆಂಪಾಗುತ್ತದೆ. ಸಡಿಲ ಲೆನ್ಸ್ ಹಾಗಲ್ಲ, ಹಾಕಿದ ಕ್ಷಣದಿಂದಲೇ ಅದರ ಅಂಚು ರೆಪ್ಪೆಗೆ ತಾಗಿ ಚುಚ್ಚುತ್ತದೆ, ರೆಪ್ಪೆ ಮಿಟುಕಿಸಿದಾಗಲೆಲ್ಲ ದೃಷ್ಟಿ ಕಲಕುತ್ತದೆ.

ಮಂಡಿಪೇಟೆ ವ್ಯಾಪಾರಿ

ಮೇಡಂ, ತಪ್ಪು ತಿಳಿಯಬೇಡಿ. ನಾನು ಎಂಟು ವರ್ಷದಿಂದ ಲೆನ್ಸ್ ಹಾಕುತ್ತಿದ್ದೇನೆ. ಮೊದಲ ಸಲ ಅಂಗಡಿಯಲ್ಲಿ ಹತ್ತು ನಿಮಿಷದಲ್ಲಿ ಪೆಟ್ಟಿಗೆ ಕೈಗಿಟ್ಟು ಕಳುಹಿಸಿದರು, ಅಂದಿನಿಂದ ಯಾವ ತೊಂದರೆಯೂ ಇಲ್ಲ. ಪೆಟ್ಟಿಗೆಯ ಮೇಲೆ ಎಲ್ಲರಿಗೂ ಅದೇ 8.6, ಅದೇ 14.2 ಎಂದಿರುತ್ತದೆ. ಎಲ್ಲರಿಗೂ ಒಂದೇ ಅಳತೆ ಎಂದ ಮೇಲೆ ಅಳತೆ ತೆಗೆಯುವುದಕ್ಕೆ ಬೇರೆ ಶುಲ್ಕ ಏಕೆ? ನಾನು ಬಟ್ಟೆ ವ್ಯಾಪಾರದವನು, ಫ್ರೀ ಸೈಜ್ ಮಾಲಿಗೆ ಟೈಲರ್ ಕೂಲಿ ಕೇಳಿದಂತಾಯಿತು.

ಪಿ.ಜೆ. ಬಡಾವಣೆಯ ಆಪ್ಟೋಮೆಟ್ರಿಸ್ಟ್

ಸರ್, ಬಟ್ಟೆಯ ಹೋಲಿಕೆಯನ್ನು ನೀವೇ ತಂದಿರಿ, ಅದನ್ನೇ ಹಿಡಿದು ಉತ್ತರಿಸುತ್ತೇನೆ. ಎರಡು ಕಂಪನಿಯ 40 ಸೈಜಿನ ಅಂಗಿಗಳು ಒಂದೇ ಮೈಗೆ ಒಂದೇ ರೀತಿ ಕೂರುವುದಿಲ್ಲವೆಂದು ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? 8.6 ಎಂಬುದು ಲೆನ್ಸ್‌ನ ಒಳಮೈ ಎಷ್ಟು ಬಾಗಿದೆ ಎಂಬುದರ ಅಳತೆ, ಮಿಲಿಮೀಟರಿನಲ್ಲಿ. ಅದನ್ನು ಬೇಸ್ ಕರ್ವ್ ಎನ್ನುತ್ತೇವೆ. 14.2 ಎಂಬುದು ಲೆನ್ಸ್‌ನ ಅಡ್ಡಳತೆ. ಆದರೆ ಲೆನ್ಸ್ ಕಣ್ಣಿನ ಮೇಲೆ ಹೇಗೆ ಕೂರುತ್ತದೆ ಎಂಬುದನ್ನು ಈ ಎರಡು ಸಂಖ್ಯೆಗಳಲ್ಲದೆ ವಸ್ತು ಎಷ್ಟು ಮೆತ್ತಗಿದೆ, ಅಂಚನ್ನು ಹೇಗೆ ಮಾಡಿದ್ದಾರೆ ಎಂಬುದೂ ನಿರ್ಧರಿಸುತ್ತದೆ. ಹಾಗಾಗಿ ಒಂದು ಬ್ರ್ಯಾಂಡಿನ 8.6 ಸರಿಹೊಂದಿದ ಕಣ್ಣಿಗೆ ಇನ್ನೊಂದರ 8.6 ಬಿಗಿಯಾಗಬಹುದು. ಮಧ್ಯಮ ಅಳತೆ ಬಹಳ ಜನರಿಗೆ ಹೊಂದುತ್ತದೆ ಎಂಬುದು ನಿಜ, ನೀವು ಆ ಬಹಳ ಜನರಲ್ಲಿ ಒಬ್ಬರು. ಆದರೂ ಎಂಟು ವರ್ಷದಲ್ಲಿ ಒಮ್ಮೆಯೂ ನಿಮ್ಮ ಕಣ್ಣನ್ನು, ಹಿಗ್ಗಿಸಿ ತೋರಿಸುವ ಯಂತ್ರವಾದ ಸ್ಲಿಟ್ ಲ್ಯಾಂಪ್‌ನಲ್ಲಿ ಯಾರೂ ನೋಡಿಲ್ಲವೆಂದರೆ ಒಮ್ಮೆ ತೋರಿಸಿ. ಲೆನ್ಸ್ ಕೆಳಗೆ ಗಾಳಿ ಸಾಲದೆ ಕರಿಗುಡ್ಡೆಯ ಅಂಚಿನಿಂದ ರಕ್ತನಾಳಗಳು ಒಳಕ್ಕೆ ಬೆಳೆದರೂ ನೋವಾಗುವುದಿಲ್ಲ.

ಸರಿಯಾದ ಪರೀಕ್ಷೆ ಹೇಗಿರುತ್ತದೆ ಎಂದು ವಿದ್ಯಾರ್ಥಿನಿ ಕೇಳದಿದ್ದರೂ ಹೇಳಿಬಿಡುತ್ತೇನೆ, ಏಕೆಂದರೆ ಎಲ್ಲಿಗೇ ಹೋದರೂ ಇಷ್ಟು ನಡೆಯಿತೇ ಎಂದು ನೀವೇ ನೋಡಿಕೊಳ್ಳಬಹುದು.

ಮೊದಲು ಮಾತು. ದಿನಕ್ಕೆ ಎಷ್ಟು ಗಂಟೆ ಕಂಪ್ಯೂಟರ್ ಮುಂದೆ, ಬೈಕ್ ಓಡಿಸುತ್ತೀರಾ, ಕಣ್ಣು ತುರಿಸುತ್ತದೆಯೇ, ಯಾವ ಮಾತ್ರೆ ನುಂಗುತ್ತಿದ್ದೀರಿ ಎಂದು ಕೇಳುತ್ತೇವೆ. ಮೊಡವೆಗೆ ಕೊಡುವ ಐಸೊಟ್ರೆಟಿನಾಯಿನ್ ಮಾತ್ರೆ, ಅಲರ್ಜಿ ಮತ್ತು ನೆಗಡಿಯ ಕೆಲವು ಮಾತ್ರೆಗಳು ಕಣ್ಣೀರನ್ನು ಒಣಗಿಸುತ್ತವೆ, ಅದನ್ನು ಯಾರೂ ತಾವಾಗಿ ಹೇಳುವುದಿಲ್ಲ. ಆಮೇಲೆ ಪವರನ್ನು ಹೊಸದಾಗಿ ನೋಡಬೇಕು. ಎರಡು ವರ್ಷದ ಹಳೆಯ ಚೀಟಿ ನಡೆಯುವುದಿಲ್ಲ. ಕೆರಟೋಮೀಟರ್ ಎಂಬ ಯಂತ್ರದಲ್ಲಿ ಗದ್ದ ಇಡಿಸಿ ಕರಿಗುಡ್ಡೆಯ ಬಾಗನ್ನು ಅಳೆಯುತ್ತಾರೆ, ಅಲ್ಲಿ 43 ಎಂದು ಬಂದರೆ ಅದು 7.85 ಮಿಲಿಮೀಟರ್ ತ್ರಿಜ್ಯಕ್ಕೆ ಸಮ. ಸ್ಲಿಟ್ ಲ್ಯಾಂಪ್‌ನಲ್ಲಿ ಕಣ್ಣಿನ ಮೇಲ್ಮೈ ನೋಡುವಾಗ ಮೇಲಿನ ರೆಪ್ಪೆಯನ್ನು ಮಗುಚಿ ಒಳಭಾಗವನ್ನೂ ನೋಡಬೇಕು. ಅಲ್ಲಿ ಅಲರ್ಜಿಯ ಗುಳ್ಳೆಗಳಿದ್ದರೆ ಮೊದಲು ಅದಕ್ಕೆ ಚಿಕಿತ್ಸೆ, ಲೆನ್ಸ್ ಆಮೇಲೆ.

ಕಣ್ಣೀರಿನ ಪರೀಕ್ಷೆಯನ್ನು ನಮ್ಮೂರಿನಲ್ಲಿ ಬಿಡಲೇಬಾರದು ಎಂಬುದು ನನ್ನ ಅಭಿಪ್ರಾಯ. ಹಳದಿ ಬಣ್ಣದ ಕಾಗದದ ಪಟ್ಟಿಯನ್ನು ಕಣ್ಣಿಗೆ ಮುಟ್ಟಿಸಿ, ನೀಲಿ ಬೆಳಕು ಬಿಟ್ಟು, ರೆಪ್ಪೆ ಮಿಟುಕಿಸದೆ ಇರಲು ಹೇಳುತ್ತಾರೆ. ಕಣ್ಣಿನ ಮೇಲಿನ ಹಸಿರು ಹೊಳಪಿನಲ್ಲಿ ಎಷ್ಟು ಸೆಕೆಂಡಿಗೆ ಕಪ್ಪು ತೇಪೆ ಕಾಣಿಸಿತು ಎಂದು ಎಣಿಸುತ್ತಾರೆ. 10 ಸೆಕೆಂಡಿನೊಳಗೇ ಕಂಡರೆ ಕಣ್ಣೀರಿನ ಪದರ ಬೇಗ ಒಡೆಯುತ್ತಿದೆ ಎಂದರ್ಥ. ಆ ಬಣ್ಣ ಮೆತ್ತನೆಯ ಲೆನ್ಸ್‌ಗೆ ಹಿಡಿಯುವುದರಿಂದ, ಅದನ್ನು ತೊಳೆದು ಹೋಗಲು ಬಿಟ್ಟ ಮೇಲೆಯೇ ಟ್ರಯಲ್ ಲೆನ್ಸ್ ಹಾಕಬೇಕು.

ಇನ್ನು ಟ್ರಯಲ್ ಲೆನ್ಸ್. ಎಲ್ಲಕ್ಕಿಂತ ಮುಖ್ಯವಾದ ಭಾಗವಿದು, ಹತ್ತು ನಿಮಿಷದಲ್ಲಿ ಪೆಟ್ಟಿಗೆ ಕೊಡುವವರು ಬಿಟ್ಟುಬಿಡುವುದೂ ಇದನ್ನೇ. ಲೆನ್ಸ್ ಹಾಕಿ ಹದಿನೈದು ಇಪ್ಪತ್ತು ನಿಮಿಷ ಹೊರಗೆ ಕೂರಿಸಬೇಕು, ಮೊದಲು ಬರುವ ನೀರು ನಿಂತು ಲೆನ್ಸ್ ನೆಲೆಗೊಳ್ಳಲಿ ಎಂದು. ಆಮೇಲೆ ಸ್ಲಿಟ್ ಲ್ಯಾಂಪ್‌ನಲ್ಲಿ ನೋಡಿದರೆ ಲೆನ್ಸ್ ಕರಿಗುಡ್ಡೆಯನ್ನು ಸುತ್ತಲೂ ಮುಚ್ಚಿ ಅಂಚನ್ನು ದಾಟಿರಬೇಕು, ನಡುವೆ ಕೂತಿರಬೇಕು, ರೆಪ್ಪೆ ಮಿಟುಕಿಸಿದಾಗ ಕಾಲು ಮಿಲಿಮೀಟರಿನಿಂದ ಅರ್ಧ ಮಿಲಿಮೀಟರಿನಷ್ಟು ಜಾರಿ ಮರಳಬೇಕು. ಕೆಳರೆಪ್ಪೆಯ ಮೇಲಿನಿಂದ ಬೆರಳಲ್ಲಿ ಲೆನ್ಸ್ ಅನ್ನು ಮೆಲ್ಲಗೆ ಮೇಲಕ್ಕೆ ತಳ್ಳಿ ಬಿಟ್ಟಾಗ ಅದು ಸರಾಗವಾಗಿ ಇಳಿಯಬೇಕು. ತಳ್ಳಿದರೂ ಜಗ್ಗದಿದ್ದರೆ ಬಿಗಿ. ಆ ಸಣ್ಣ ಜಾರುವಿಕೆಯಲ್ಲಿಯೇ ಲೆನ್ಸ್ ಕೆಳಗಿನ ಹಳೆಯ ಕಣ್ಣೀರು ಹೋಗಿ ಹೊಸದು ಬರುತ್ತದೆ. ಇದೆಲ್ಲ ಸರಿ ಇದ್ದರೆ, ಲೆನ್ಸ್ ಹಾಕಿಸಿಕೊಂಡೇ ಮತ್ತೊಮ್ಮೆ ಬೋರ್ಡ್ ಓದಿಸಿ ಪವರನ್ನು ಅಂತಿಮಗೊಳಿಸುತ್ತಾರೆ.

ಕೋಟೆಯ ಊರಿನ ಮೇಷ್ಟ್ರು, ಚಿತ್ರದುರ್ಗ

ಸಿಲಿಂಡರ್ ಇರುವವರಿಗಾಗಿ ನನ್ನ ಅನುಭವ. ನನಗೆ ಎರಡೂ ಕಣ್ಣಿಗೆ ಸಿಲಿಂಡರ್ ಇದೆ, ಸಿಲಿಂಡರ್ ಪವರ್ ಸೇರಿಸಿದ ಟೋರಿಕ್ ಲೆನ್ಸ್ ಹಾಕುತ್ತೇನೆ. ಈ ಲೆನ್ಸ್ ಕಣ್ಣಿನ ಮೇಲೆ ತಿರುಗದೆ ಒಂದೇ ನಿಲುವಿನಲ್ಲಿ ನಿಲ್ಲಬೇಕು, ಅದಕ್ಕಾಗಿ ಕೆಳಭಾಗವನ್ನು ತುಸು ದಪ್ಪ ಮಾಡಿರುತ್ತಾರೆ, ನಿಲುವು ತಿಳಿಯಲೆಂದು ಅಂಚಿನಲ್ಲಿ ಕೂದಲೆಳೆಯಷ್ಟು ಸಣ್ಣ ಗೆರೆ ಕೊರೆದಿರುತ್ತಾರೆ. ನನಗೆ ಮೊದಲು ಕೊಟ್ಟ ಲೆನ್ಸ್ ತರಗತಿಯಲ್ಲಿ ಮಕ್ಕಳ ಮುಖ ಒಮ್ಮೆ ಸ್ಪಷ್ಟ, ಒಮ್ಮೆ ಮಸುಕು ಮಾಡುತ್ತಿತ್ತು. ಹೊಸದಾಗಿ ಹೋದ ಕಡೆ ಸ್ಲಿಟ್ ಲ್ಯಾಂಪ್‌ನಲ್ಲಿ ನೋಡಿದವರು, ಗಡಿಯಾರದ 6ರ ಜಾಗದಲ್ಲಿರಬೇಕಾದ ಗೆರೆ 7ರ ಕಡೆಗೆ ಸರಿದಿದೆ ಎಂದರು. ಲೆನ್ಸ್ 10 ಡಿಗ್ರಿ ತಿರುಗಿದರೆ ಸಿಲಿಂಡರಿನ ಮೂರನೇ ಒಂದು ಭಾಗದಷ್ಟು ಲಾಭ ಕೈಬಿಡುತ್ತದೆ, 30 ಡಿಗ್ರಿ ತಿರುಗಿದರೆ ಸಿಲಿಂಡರ್ ಹಾಕಿಯೂ ಹಾಕದಂತೆ ಎಂದು ಅವರು ಕಾಗದದ ಮೇಲೆ ಬರೆದು ತೋರಿಸಿದರು. ಗಣಿತದ ಮೇಷ್ಟ್ರಾದ ನಾನು ಮನೆಗೆ ಬಂದು ಸೈನ್ ಕೋಷ್ಟಕ ತೆರೆದು ತಾಳೆ ನೋಡಿದೆ, ಸರಿಯಾಗಿಯೇ ಇತ್ತು! ಲೆನ್ಸ್ ಪ್ರತಿಸಲವೂ ಅಷ್ಟೇ ತಿರುಗಿ ನಿಲ್ಲುತ್ತಿದ್ದುದರಿಂದ, ಆ ತಿರುವನ್ನು ಲೆಕ್ಕಕ್ಕೆ ಹಿಡಿದು ಬೇರೆ ಆಕ್ಸಿಸ್‌ನ ಲೆನ್ಸ್ ತರಿಸಿದರು. ಅಂದಿನಿಂದ ಮಸುಕು ಹೋಯಿತು.

ನಮ್ಮ ಊರಿನ ಗಾಳಿಯ ಬಗ್ಗೆಯೂ ಒಂದು ಮಾತು. ಜೋಗಿಮಟ್ಟಿಯ ಕಡೆ ಗಾಳಿಯಂತ್ರಗಳು ಸುಮ್ಮನೆ ನಿಂತಿಲ್ಲ. ಬೇಸಿಗೆಯಲ್ಲಿ ಸ್ಕೂಟರ್ ಮೇಲೆ ಹೊರಟರೆ ಕಣ್ಣಿನ ತೇವ ಆರಿ, ಲೆನ್ಸ್ ಹಪ್ಪಳದಂತೆ ಅಂಟುತ್ತದೆ. ನಾನು ಲೆನ್ಸ್ ಮೇಲೆ ಪವರ್ ಇಲ್ಲದ ಅಗಲ ಕನ್ನಡಕ ಹಾಕಿಕೊಂಡು ಓಡಿಸುತ್ತೇನೆ. ಕನ್ನಡಕ ಬೇಡವೆಂದು ಲೆನ್ಸ್ ಹಾಕಿ ಅದರ ಮೇಲೆ ಕನ್ನಡಕವೇ ಎಂದು ಮನೆಯಲ್ಲಿ ನಗುತ್ತಾರೆ, ನಗಲಿ.

ಹರಿಹರದ ತಾಯಿ

ವಿದ್ಯಾರ್ಥಿನಿಗೆ ಇದು ಅನ್ವಯಿಸದಿರಬಹುದು, ಆದರೆ ಮಕ್ಕಳಿರುವವರು ಓದಲಿ ಎಂದು ಬರೆಯುತ್ತಿದ್ದೇನೆ. ನನ್ನ ಮಗನಿಗೆ ಚಿಕ್ಕಂದಿನಿಂದ ಬೇಸಿಗೆ ಬಂದರೆ ಕಣ್ಣು ಕೆಂಪಾಗಿ ತುರಿಕೆ. ಮೆಕ್ಕೆಜೋಳದ ಒಕ್ಕಣೆಯ ಕಾಲದಲ್ಲಂತೂ ಎರಡೂ ಮುಷ್ಟಿಯಿಂದ ಕಣ್ಣು ಉಜ್ಜುತ್ತಲೇ ಇರುತ್ತಿದ್ದ. ಹದಿನಾರು ದಾಟುವ ಹೊತ್ತಿಗೆ ಆರಾರು ತಿಂಗಳಿಗೆ ಸಿಲಿಂಡರ್ ಏರತೊಡಗಿತು, ಪ್ರತಿಸಲವೂ ಹೊಸ ಗಾಜು ಹಾಕಿಸಿದೆವೇ ಹೊರತು ಏಕೆ ಏರುತ್ತಿದೆ ಎಂದು ಕೇಳಲಿಲ್ಲ, ಗಾಜು ಕೊಟ್ಟವರೂ ಹೇಳಲಿಲ್ಲ. ಕೊನೆಗೆ ಲೆನ್ಸ್ ಅಳತೆಗೆಂದು ಹೋದಾಗ ಕೆರಟೋಮೀಟರಿನಲ್ಲಿ ಕಂಡ ಉಂಗುರ ಓರೆಕೋರೆಯಾಗಿದೆ ಎಂದು ಕಾರ್ನಿಯಾ ವೈದ್ಯರ ಬಳಿ ಕಳುಹಿಸಿದರು. ಕೆರಟೋಕೋನಸ್ ಎಂದರು: ಕರಿಗುಡ್ಡೆ ತೆಳುವಾಗಿ ಶಂಕುವಿನಂತೆ ಮುಂದಕ್ಕೆ ಉಬ್ಬುವ ತೊಂದರೆ. ಅದು ಮುಂದುವರಿಯದಂತೆ ಕ್ರಾಸ್ ಲಿಂಕಿಂಗ್ ಚಿಕಿತ್ಸೆ ಆಯಿತು. ಈಗ ಅವನಿಗೆ ಗಟ್ಟಿ ಲೆನ್ಸ್. ಅದರ ಅಳತೆಗೆ ನಾಲ್ಕು ಸಲ ಹೋಗಬೇಕಾಯಿತು, ಪ್ರತಿಸಲವೂ ಬೇರೆ ಟ್ರಯಲ್ ಹಾಕಿ, ಬಣ್ಣ ಬಿಟ್ಟು, ಲೆನ್ಸ್ ಎಲ್ಲಿ ತಾಗುತ್ತಿದೆ ಎಲ್ಲಿ ಎದ್ದಿದೆ ಎಂದು ನೋಡಿ ಬದಲಿಸಿದರು. ಅಳತೆ ಎಂದರೇನೆಂದು ನಾನು ಅಲ್ಲಿ ಕಲಿತೆ. ಮಂಡಿಪೇಟೆಯ ಅಣ್ಣನವರು ಹೇಳುವ ಹತ್ತು ನಿಮಿಷದಲ್ಲಿ ನನ್ನ ಮಗನ ತೊಂದರೆ ಯಾರಿಗೂ ಕಾಣುತ್ತಿರಲಿಲ್ಲ.

ಮಂಡಿಪೇಟೆ ವ್ಯಾಪಾರಿ

ಅಕ್ಕಾ, ನಿಮ್ಮ ಮಾತಿಗೆ ನನ್ನ ಬಳಿ ಉತ್ತರವಿಲ್ಲ. ಮಗ ಚೆನ್ನಾಗಿರಲಿ. ನಾನೂ ಒಮ್ಮೆ ತೋರಿಸಿ ಬರುತ್ತೇನೆ. ಶುಲ್ಕದ ಬಗ್ಗೆ ಮಾತ್ರ ನನ್ನ ತಕರಾರು ಹಾಗೆಯೇ ಇದೆ, ಎಷ್ಟಾಗುತ್ತದೆ ಎಂಬುದನ್ನು ಪರೀಕ್ಷೆಗೆ ಕೂರಿಸುವ ಮೊದಲೇ ಹೇಳಬೇಕು.

ಎಂಸಿಸಿ ಬಿ ಬ್ಲಾಕ್ ನಿವಾಸಿ

ನನಗೆ 43 ವರ್ಷ, ಬ್ಯಾಂಕ್ ಕೆಲಸ, ಮೈನಸ್ 4.50. ಕನ್ನಡಕದಲ್ಲಿ ಓದಲು ತೊಂದರೆಯೇ ಇಲ್ಲ, ಲೆನ್ಸ್ ಹಾಕಿದ ದಿನ ಮಾತ್ರ ಚೆಕ್ಕಿನ ಮೇಲಿನ ಅಂಕಿಗಳನ್ನು ಕೈಚಾಚಿ ದೂರ ಹಿಡಿದು ಓದುವಂತಾಗುತ್ತದೆ. ಲೆನ್ಸ್ ಅಳತೆ ತಪ್ಪಿದೆಯೇ?

ಪಿ.ಜೆ. ಬಡಾವಣೆಯ ಆಪ್ಟೋಮೆಟ್ರಿಸ್ಟ್

ಅಳತೆ ತಪ್ಪಿರಲಾರದು ಸರ್, ಚಾಳೀಸು ಬಂದಿದೆ. ಮೈನಸ್ ಕನ್ನಡಕ ಕಣ್ಣಿನಿಂದ ದೂರವಿರುವುದರಿಂದ ಹತ್ತಿರದ ಓದಿಗೆ ಕಣ್ಣು ಪಡಬೇಕಾದ ಶ್ರಮವನ್ನು ಅದು ತುಸು ಕಡಿಮೆ ಮಾಡುತ್ತದೆ, ಲೆನ್ಸ್‌ನಲ್ಲಿ ಆ ರಿಯಾಯಿತಿ ಇಲ್ಲ. ಓದುವುದಕ್ಕೆ ಲೆನ್ಸ್ ಮೇಲೆ ಸಣ್ಣ ಪ್ಲಸ್ ಕನ್ನಡಕ ಇಟ್ಟುಕೊಳ್ಳಬಹುದು, ಇಲ್ಲವೆ ದೂರ, ಹತ್ತಿರ ಎರಡಕ್ಕೂ ಪವರ್ ಇರುವ ಮಲ್ಟಿಫೋಕಲ್ ಲೆನ್ಸ್ ಹಾಕಿ ನೋಡಬಹುದು. ಮಲ್ಟಿಫೋಕಲ್ ಎಲ್ಲರಿಗೂ ಹಿಡಿಸುವುದಿಲ್ಲವಾದ್ದರಿಂದ ಟ್ರಯಲ್ ಹಾಕಿಸಿಕೊಂಡು ಒಂದು ದಿನ ಬ್ಯಾಂಕಿನಲ್ಲೇ ಕೆಲಸ ಮಾಡಿ ನೋಡದೆ ಕೊಳ್ಳಬೇಡಿ.

ಹದಡಿ ರಸ್ತೆ ವಿದ್ಯಾರ್ಥಿನಿ

ಎಲ್ಲರಿಗೂ ಧನ್ಯವಾದ. ಕೆಂಪು ಪೂರ್ತಿ ಇಳಿದ ಮೇಲೆ, ಒಂದು ವಾರ ಬರೀ ಕನ್ನಡಕದಲ್ಲೇ ಇದ್ದು, ಮೊನ್ನೆ ಪರೀಕ್ಷೆ ಮಾಡಿಸಿಕೊಂಡು ಬಂದೆ. ಒಟ್ಟು ಎರಡು ಗಂಟೆ ಹಿಡಿಯಿತು. ಕಣ್ಣೀರಿನ ಪರೀಕ್ಷೆಯಲ್ಲಿ 11 ಸೆಕೆಂಡ್ ಬಂತು, ಪಾಸಾದೆ ಎಂದು ನಗಿಸಿದರು. ಬಲಗಣ್ಣಿಗೆ ಮೊದಲ ಟ್ರಯಲ್ 8.4 ಹಾಕಿ ಇಪ್ಪತ್ತು ನಿಮಿಷದ ನಂತರ ನೋಡಿ, ಬೆರಳಲ್ಲಿ ತಳ್ಳಿ, ಬಿಗಿ ಎಂದು ತೆಗೆದು 8.8 ಹಾಕಿದರು. ಎರಡನೆಯದು ನನಗೆ ಮೊದಲಿನದಷ್ಟು ಹಿತ ಎನಿಸಲಿಲ್ಲ, ಕಣ್ಣಲ್ಲಿ ಏನೋ ಇದೆ ಎಂಬ ಅರಿವು ಇತ್ತು. ಅಷ್ಟು ಅರಿವು ಇರುವುದೇ ಸರಿ, ನಾಲ್ಕು ದಿನದಲ್ಲಿ ಮರೆಯುತ್ತದೆ ಎಂದರು. ಎಡಗಣ್ಣಿಗೆ ಟೋರಿಕ್. ಮೇಷ್ಟ್ರು ಹೇಳಿದ ಗೆರೆಯನ್ನು ಕನ್ನಡಿಯಲ್ಲಿ ಹುಡುಕಿದೆ, ಕಾಣಲಿಲ್ಲ. ಯಂತ್ರದಲ್ಲಿ ಮಾತ್ರ ಕಾಣುತ್ತದಂತೆ. ಪವರು ಮೇಡಂ ಕಾಗದದ ಮೇಲೆ ಹೇಳಿದ ಹಾಗೆಯೇ ಬಂತು, ಬಲಕ್ಕೆ 6.00, ಎಡಕ್ಕೆ 4.75 ಮತ್ತು ಸಿಲಿಂಡರ್ 1.25.

ಹಾಕಿ ತೆಗೆಯುವುದನ್ನು ಕಲಿಸಲು ಮುಕ್ಕಾಲು ಗಂಟೆ ಕೂರಿಸಿಕೊಂಡರು. ಲೆನ್ಸ್ ಅನ್ನು ಬೆರಳ ತುದಿಯ ಮೇಲಿಟ್ಟು ಬೆಳಕಿಗೆ ಹಿಡಿದಾಗ ಅಂಚು ಬಟ್ಟಲಿನಂತೆ ನೆಟ್ಟಗೆ ನಿಂತರೆ ಸರಿ, ತಟ್ಟೆಯಂತೆ ಹೊರಕ್ಕೆ ಬಾಗಿದರೆ ಮಗುಚಿಕೊಂಡಿದೆ. ನಾನು ಮೂರು ಸಲ ತಟ್ಟೆಯನ್ನೇ ಕಣ್ಣಿಗೆ ಹಾಕಿಕೊಂಡೆ.

ಎರಡು ಪ್ರಶ್ನೆ ಉಳಿದಿವೆ. ಸಿಲಿಕಾನ್ ಹೈಡ್ರೋಜೆಲ್ ಎಂಬ ದುಬಾರಿ ವಸ್ತುವನ್ನೇ ಬರೆದಿದ್ದಾರೆ, ಅದು ನನಗೆ ನಿಜವಾಗಿ ಬೇಕೇ? ಮದುವೆಯ ದಿನ ಬೆಳಗಿನ ಜಾವದಿಂದ ರಾತ್ರಿಯವರೆಗೆ ಲೆನ್ಸ್ ಇಟ್ಟುಕೊಳ್ಳಬಹುದೇ?

ಪಿ.ಜೆ. ಬಡಾವಣೆಯ ಆಪ್ಟೋಮೆಟ್ರಿಸ್ಟ್

ನಿಮಗೆ ಬೇಕು. ಕರಿಗುಡ್ಡೆಗೆ ರಕ್ತನಾಳಗಳಿಲ್ಲ, ಎಚ್ಚರವಿರುವಾಗ ಅದು ಗಾಳಿಯಿಂದಲೇ ಆಮ್ಲಜನಕ ಪಡೆಯುತ್ತದೆ. 1961ರಲ್ಲಿ ಪ್ರಾಗ್‌ನಲ್ಲಿ ಓಟೊ ವಿಖ್ಟರ್ಲೆ ಎಂಬ ರಸಾಯನ ವಿಜ್ಞಾನಿ ಮಕ್ಕಳ ಆಟಿಕೆಯ ಬಿಡಿಭಾಗಗಳಿಂದ ಮನೆಯಲ್ಲೇ ಯಂತ್ರ ಜೋಡಿಸಿ ಮೆತ್ತನೆಯ ಲೆನ್ಸ್ ತಯಾರಿಸಿದ್ದು ನೀರು ಹೀರುವ ಪ್ಲಾಸ್ಟಿಕ್ ಆದ ಹೈಡ್ರೋಜೆಲ್‌ನಿಂದ. ಆ ವಸ್ತುವಿನಲ್ಲಿ ಆಮ್ಲಜನಕ ಅದರೊಳಗಿನ ನೀರಿನ ಮೂಲಕವಷ್ಟೇ ಸಾಗುತ್ತದೆ. 1999ರಲ್ಲಿ ಮಾರುಕಟ್ಟೆಗೆ ಬಂದ ಸಿಲಿಕಾನ್ ಹೈಡ್ರೋಜೆಲ್ ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಬಿಡುತ್ತದೆ. ಮೈನಸ್ ಪವರ್ ಏರಿದಷ್ಟೂ ಲೆನ್ಸ್‌ನ ಅಂಚು ದಪ್ಪವಾಗುವುದರಿಂದ 6.00 ಇರುವವರಿಗೆ ಈ ವ್ಯತ್ಯಾಸ ಮುಖ್ಯ. ಮೈನಸ್ 1 ಇರುವವರು ಕೇಳಿದ್ದರೆ ಇಷ್ಟು ಒತ್ತಿ ಹೇಳುತ್ತಿರಲಿಲ್ಲ.

ಮದುವೆಯ ದಿನದ ಬಗ್ಗೆ: ಮೊದಲ ದಿನ ನಾಲ್ಕು ಗಂಟೆ, ಆಮೇಲೆ ದಿನಕ್ಕೆ ಒಂದೆರಡು ಗಂಟೆಯಂತೆ ಏರಿಸುತ್ತ ಹೋಗಿ. ವಾರದ ನಂತರದ ತಪಾಸಣೆಗೆ ಲೆನ್ಸ್ ಹಾಕಿಕೊಂಡೇ ಹೋಗಿ, ಹಾಕಿ ಮೂರು ನಾಲ್ಕು ಗಂಟೆಯಾದರೂ ಆಗಿರಲಿ, ಬಿಗಿಯಾಗುತ್ತಿದೆಯೇ ಎಂಬುದು ಆಗಲೇ ತಿಳಿಯುವುದು. ಅಲ್ಲಿ ಎಲ್ಲ ಸರಿ ಇದ್ದರೆ ಮದುವೆಗೆ ಹಾಕಿಕೊಳ್ಳಿ, ಮಧ್ಯಾಹ್ನ ಸ್ವಲ್ಪ ಹೊತ್ತು ತೆಗೆದಿಡಲು ಡಬ್ಬಿ ಮತ್ತು ಕನ್ನಡಕ ಕೈಚೀಲದಲ್ಲಿರಲಿ. ಹೋಮದ ಹೊಗೆಯಿಂದ ದೂರ ಕುಳಿತುಕೊಳ್ಳಿ. ಮೊದಲು ಲೆನ್ಸ್, ಆಮೇಲೆ ಕಾಡಿಗೆ. ರಾತ್ರಿ ಮೊದಲು ಲೆನ್ಸ್ ತೆಗೆದು, ಆಮೇಲೆ ಮುಖ ತೊಳೆಯಿರಿ. ಎಷ್ಟೇ ಸುಸ್ತಾಗಿದ್ದರೂ ಹಾಕಿಕೊಂಡು ಮಲಗಬೇಡಿ, ಕಣ್ಣಿನ ಸೋಂಕಿಗೆ ಅದಕ್ಕಿಂತ ಹತ್ತಿರದ ದಾರಿ ಇಲ್ಲ. ಡಬ್ಬಿಯನ್ನು ನಲ್ಲಿ ನೀರಿನಲ್ಲಾಗಲಿ ಬೋರ್ ನೀರಿನಲ್ಲಾಗಲಿ ತೊಳೆಯಬೇಡಿ. ನೀರಿನಲ್ಲಿರಬಹುದಾದ ಅಕಂತಮೀಬಾ ಎಂಬ ಜೀವಿ ಕಣ್ಣಿಗೆ ಹತ್ತಿದರೆ ತಿಂಗಳುಗಟ್ಟಲೆ ಔಷಧಿ ಹಾಕಬೇಕಾಗುತ್ತದೆ. ಲೆನ್ಸ್ ನೆನೆಸಿಟ್ಟ ಹಳೆಯ ದ್ರಾವಣ (ಸೊಲ್ಯೂಷನ್) ಚೆಲ್ಲಿ, ಹೊಸದರಿಂದಲೇ ಉಜ್ಜಿ ತೊಳೆದು, ಡಬ್ಬಿಯನ್ನು ಬೋರಲು ಹಾಕಿ ಒಣಗಿಸಿ, ಮೂರು ತಿಂಗಳಿಗೊಮ್ಮೆ ಡಬ್ಬಿಯನ್ನೇ ಬದಲಿಸಿ.

ಅಂದಹಾಗೆ ನಿಮ್ಮ ಚೀಟಿಯಲ್ಲಿ ಪವರ್ ಜೊತೆಗೆ ಬೇಸ್ ಕರ್ವ್, ಡಯಾಮೀಟರ್, ಬ್ರ್ಯಾಂಡ್ ಹೆಸರು ಬರೆದಿದ್ದಾರೆಯೇ ನೋಡಿ. ಇಲ್ಲದಿದ್ದರೆ ಬರೆಸಿಕೊಳ್ಳಿ.

ಹದಡಿ ರಸ್ತೆ ವಿದ್ಯಾರ್ಥಿನಿ

ಬರೆದಿದ್ದಾರೆ ಮೇಡಂ, ನಾಲ್ಕೂ ಇವೆ. ನಿನ್ನೆ ತಪಾಸಣೆಯೂ ಮುಗಿಯಿತು, ಆರು ಗಂಟೆ ಹಾಕಿಕೊಂಡಿದ್ದ ಮೇಲೆಯೂ ಲೆನ್ಸ್ ಜಾರುತ್ತಿದೆ, ಗೆರೆ ಬಿದ್ದಿಲ್ಲ ಎಂದರು. ಒಂದು ತಪ್ಪನ್ನು ಮಾತ್ರ ಅವರಿಗೂ ಹೇಳಲಿಲ್ಲ, ಇಲ್ಲಿ ಒಪ್ಪಿಕೊಳ್ಳುತ್ತೇನೆ. ಮೊನ್ನೆ ಸಂಜೆ ಗೆಳತಿಯರ ಜೊತೆ ಮಂಡಕ್ಕಿ, ಮೆಣಸಿನಕಾಯಿ ತಿಂದು, ಮನೆಗೆ ಬಂದು ಕೈಯನ್ನು ಬರೀ ನೀರಿನಲ್ಲಿ ತೊಳೆದುಕೊಂಡು ಲೆನ್ಸ್ ತೆಗೆಯಲು ಹೋದೆ. ಬಲಗಣ್ಣಿನ ಲೆನ್ಸ್ ಹೇಗೋ ಬಂತು. ಎಡಗಣ್ಣಿನದನ್ನು ಅಮ್ಮ ಸೋಪು ಹಿಡಿದುಕೊಂಡು ಪಕ್ಕದಲ್ಲಿ ನಿಂತ ಮೇಲೆ, ಅರ್ಧ ಗಂಟೆ ಬಿಟ್ಟು ತೆಗೆದೆ.